ವ್ಯಾಕ್ಯೂಮ್ ಕ್ಲೀನರ್, ಕ್ಯಾನಿಸ್ಟರ್ ಮಾದರಿಯ

ಮೋಟಾರು ಮತ್ತು ದೂಳು ಕೂಡುವ ಭಾಗವನ್ನು ಗಾಲಿಯ ಮೇಲಿಟ್ಟು, ಉದ್ದ ಕೊಳವೆಯಿಂದ ಗುಡಿಸುವ ವಿದ್ಯುತ್ ಯಂತ್ರ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 1921ರಲ್ಲಿ ತಂದ ‘ಮಾಡೆಲ್ ಫೈವ್’ ಈ ರೂಪವನ್ನು ಜನಪ್ರಿಯಗೊಳಿಸಿತು.

ಬ್ರ್ಯಾಂಡ್‌ಗಳ ಹೋಲಿಕೆ: 1899ರಲ್ಲಿ ಆರಂಭವಾದ ಜರ್ಮನಿಯ ಮೀಲೆ, 1978ರ ಸೆಬೊ ಎರಡೂ ಚೀಲದ ವಿನ್ಯಾಸಕ್ಕೆ ಹೆಸರಾದವು. ಮೀಲೆ ಚೀಲವನ್ನು ಹೊರತೆಗೆಯುವಾಗ ಅದರ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ದೂಳು ಕೈಗೂ ಮೂಗಿಗೂ ತಾಗದು. ಬ್ರಿಟನ್ನಿನ ಡೈಸನ್ ಸೈಕ್ಲೋನ್ ತಂತ್ರದಿಂದ ಗಾಳಿಯನ್ನು ಸುತ್ತಿಸಿ ದೂಳನ್ನು ಬೇರ್ಪಡಿಸುತ್ತದೆ. ಚೀಲದ ಖರ್ಚಿಲ್ಲ, ಆದರೆ ಡಬ್ಬಿ ಖಾಲಿ ಮಾಡುವಾಗ ನುಣ್ಣನೆ ದೂಳು ಮೇಲೇಳುತ್ತದೆ.

ಗುಣಮಟ್ಟದ ಅಳತೆ: ವ್ಯಾಟ್ ಹೆಚ್ಚಾದಷ್ಟೂ ಯಂತ್ರ ಉತ್ತಮವೆಂಬುದು ತಪ್ಪು ಎಣಿಕೆ. ಯುರೋಪ್ ಒಕ್ಕೂಟ 2017ರಿಂದ 900 ವ್ಯಾಟ್‌ನ ಮಿತಿ ಹಾಕಿದೆ. ಗಾಳಿಯ ಹರಿವು, ಬ್ರಷ್ಷಿನ ರಚನೆ, ಸೋರದ ಕಟ್ಟುಗಳು ಮುಖ್ಯ. ಎಚ್13 ದರ್ಜೆಯ ಹೆಪಾ ಫಿಲ್ಟರ್ ಅತಿಸೂಕ್ಷ್ಮ ಕಣಗಳಲ್ಲಿ ಶೇ. 99.95ರಷ್ಟನ್ನು ತಡೆಯುತ್ತದೆ.

ಕರ್ನಾಟಕದಲ್ಲಿ: 1982ರಲ್ಲಿ ಎಲೆಕ್ಟ್ರೋಲಕ್ಸ್ ಸಹಯೋಗದಲ್ಲಿ ಹುಟ್ಟಿದ ಯುರೇಕಾ ಫೋರ್ಬ್ಸ್ ಮನೆಮನೆ ಮಾರಾಟದ ಮೂಲಕ ಭಾರತದ ನಗರಗಳಿಗೆ ಈ ಯಂತ್ರವನ್ನು ಪರಿಚಯಿಸಿತು. ಬ್ರಷ್ಷಿನ ಆಯ್ಕೆ ಮನೆಯ ಕಸುಬಿಗೂ ತಕ್ಕಂತಿರಬೇಕು: ದೊಡ್ಡಬಳ್ಳಾಪುರ ತಾಲ್ಲೂಕು ವಿದ್ಯುತ್ ಮಗ್ಗಗಳಿಗೆ ಹೆಸರಾದುದು. ಮಗ್ಗದ ನೂಲಿನ ಜೂಲು ಬ್ರಷ್ಷಿನ ಉರುಳೆಗೆ ಸುತ್ತಿಕೊಳ್ಳುವುದರಿಂದ, ಮಗ್ಗವಿರುವ ಮನೆಗಳ ಟೈಲ್ಸ್ ಮತ್ತು ರೆಡ್ ಆಕ್ಸೈಡ್ ನೆಲಕ್ಕೆ ಉರುಳೆಯಿಲ್ಲದ ಚಪ್ಪಟೆ ಬ್ರಷ್ ಸೂಕ್ತ.

ದೂಳಿನ ಅಲರ್ಜಿ ಇರುವ ಮನೆಗೆ ಚೀಲದ ಯಂತ್ರವೇ ಮೇಲು. ಕೊಳ್ಳುವ ಮುನ್ನ ಚೀಲ, ಫಿಲ್ಟರ್ ಮತ್ತು ರಿಪೇರಿ ಹತ್ತಿರದಲ್ಲೇ ಸಿಗುತ್ತವೆಯೇ ಎಂದು ವಿಚಾರಿಸಿಕೊಳ್ಳಬೇಕು.