ಒಂದು ಕುದುರೆ, ಮೂರು ಹೆಸರು

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆ ಬಿರುದಿನಲ್ಲಿರುವ ‘ಮಾರ್ಷಲ್’ ಎಂಬ ಮಾತನ್ನು ಬಿಡಿಸಿ ನೋಡಿದರೆ ಒಳಗೆ ಕುದುರೆ ಲಾಯದ ಆಳೊಬ್ಬನು ಸಿಕ್ಕುತ್ತಾನೆ. ಪ್ರಾಚೀನ ಜರ್ಮನ್ ನುಡಿಯಲ್ಲಿ ‘ಮರಹ್’ ಎಂದರೆ ಕುದುರೆ, ‘ಸ್ಕಲ್ಕ್’ ಎಂದರೆ ಸೇವಕ. ಅರಸನ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವನು ಕಾಲಕ್ರಮದಲ್ಲಿ ಆಸ್ಥಾನದ ಅಧಿಕಾರಿಯಾದನು. ಫ್ರೆಂಚರ ಬಾಯಿಗೆ ಬಂದು ಸೇನಾಪತಿಯೇ ಆಗಿಬಿಟ್ಟನು. ಸೇವಕನಿಗೆ ಹೀಗೆ ಭಾಗ್ಯ ಬಂದಿತು. ಪಾಪ, ಕುದುರೆಗೆ ಬರಲಿಲ್ಲ. ಅದೇ ‘ಮರಹ್’ ಶಬ್ದದ ಸ್ತ್ರೀರೂಪವಾದ ‘ಮೇರೆ’ ಎಂಬುದು ಇಂದಿನ ಜರ್ಮನ್ ಭಾಷೆಯಲ್ಲಿ ಎಲುಬು ಬಿಟ್ಟ ಮುದಿ ಕುದುರೆಗೆ ಹೇಳುವ ತಾತ್ಸಾರದ ಮಾತು.

ಶಬ್ದಗಳಿಗೂ ಏಳುಬೀಳುಗಳುಂಟು. ಜರ್ಮನ್ ನಾಡಿನ ರೈತನು ತನ್ನ ಕುದುರೆಯನ್ನು ಕರೆಯುವ ರೀತಿಯಲ್ಲಿ ಇದು ಎದ್ದು ಕಾಣುತ್ತದೆ. ಉತ್ತರದ ಕಡಲ ಕಡೆಯ ಬಯಲಿನಲ್ಲಿ ಅದು ‘ಪೇರ್ಡ್’. ನಡುನಾಡಿನ ಹೆಸ್ಸೆ, ಫಾಲ್ಟ್ಸ್, ಫ್ರಾಂಕೋನಿಯಗಳಲ್ಲಿ ‘ಗೌಲ್’. ದಕ್ಷಿಣಕ್ಕೆ ಇಳಿದು ಬವೇರಿಯ, ಆಸ್ಟ್ರಿಯ, ಸ್ವಿಟ್ಜರ್ಲೆಂಡುಗಳಿಗೆ ಹೋದರೆ ‘ರೊಸ್’. ಪ್ರಾಣಿ ಒಂದೇ, ಅದು ಎಳೆಯುವ ನೇಗಿಲೂ ಒಂದೇ.

ಇವುಗಳಲ್ಲಿ ಅಚ್ಚ ದೇಶ್ಯವೆನ್ನಬಹುದಾದದ್ದು ‘ರೊಸ್’. ಹಿಂದೆ ಅದು ‘ಹ್ರೊಸ್’ ಎಂದಿತ್ತು. ಇಂಗ್ಲಿಷರ ‘ಹಾರ್ಸ್’ ಕೂಡ ಅದೇ. ರೇಫವೊಂದು ಸ್ಥಳ ಬದಲಿಸಿದೆ, ಅಷ್ಟೆ. ಇದಕ್ಕೂ ಹಳೆಯದಾದ ಇನ್ನೊಂದು ಶಬ್ದ ಆ ಭಾಷಾಕುಲದಲ್ಲಿತ್ತು. ಅದು ನಮ್ಮ ಸಂಸ್ಕೃತದ ‘ಅಶ್ವ’, ಲ್ಯಾಟಿನಿನ ‘ಎಕ್ವುಸ್’ ಇವುಗಳ ಒಡಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ‘ಎಒಹ್’ ಎಂಬ ರೂಪದಲ್ಲಿ ಉಳಿದಿದ್ದು ಆಮೇಲೆ ಅಳಿದುಹೋಯಿತು. ‘ಗೌಲ್’ ಎಂಬುದು ಮೊದಲಿಗೆ ಕುದುರೆಯೇ ಅಲ್ಲ. ಮಧ್ಯಯುಗದ ಜರ್ಮನಿನಲ್ಲಿ ಅದಕ್ಕೆ ಗಂಡು ಪ್ರಾಣಿ, ಅದರಲ್ಲೂ ಗಂಡು ಹಂದಿ, ಎಂಬ ಅರ್ಥವಿತ್ತು.

ಇನ್ನು ಗ್ರಂಥಭಾಷೆಯ ‘ಪ್ಫೆರ್ಡ್’. ಶಾಲೆಯ ಪಾಠದಲ್ಲಿ ಸಿಂಹಾಸನವೇರಿರುವ ಈ ಶಬ್ದವೇ ಮೂರರಲ್ಲಿ ಪರದೇಶಿ! ರೋಮನರ ಅಂಚೆಯ ವ್ಯವಸ್ಥೆಯಲ್ಲಿ ಓಲೆಕಾರರು ಏರುವ ಕುದುರೆಗೆ ‘ವೆರೆದುಸ್’ ಎಂಬ ಹೆಸರಿತ್ತು. ಅದನ್ನು ರೋಮನರು ಗಾಲ್ ದೇಶದ ಕೆಲ್ಟಿಕ್ ಜನರಿಂದ ಪಡೆದರು. ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯುವಾಗ ಹೆಚ್ಚಿನ ಕುದುರೆ ಬೇಕಷ್ಟೆ. ಅದಕ್ಕೆ ಗ್ರೀಕರ ‘ಪರಾ’ ಎಂಬ ಉಪಸರ್ಗವನ್ನು ಸೇರಿಸಿ ‘ಪರವೆರೆದುಸ್’ ಎಂದರು. 438ರಲ್ಲಿ ಪ್ರಕಟವಾದ ಥಿಯೊಡೋಸಿಯಸ್ ಚಕ್ರವರ್ತಿಯ ಕಾನೂನು ಸಂಹಿತೆಯಲ್ಲಿ ಈ ಕುದುರೆಗಳ ಪ್ರಸ್ತಾಪವಿದೆ. ರೋಮ್ ಬಿದ್ದ ಮೇಲೂ ಫ್ರಾಂಕ್ ಅರಸರು ಈ ಪದ್ಧತಿಯನ್ನು ಬಿಡಲಿಲ್ಲ. ರಾಜನ ಅಧಿಕಾರಿ ಊರಿಗೆ ಬಂದರೆ ಪ್ರಜೆಗಳು ಕುದುರೆ ಒದಗಿಸಬೇಕು. ಬಿಟ್ಟಿಯ ಕಾಟ ಯಾವ ದೇಶಕ್ಕೆ ತಪ್ಪಿದೆ ಹೇಳಿ! ಹೀಗೆ ಅಧಿಕಾರಿಯ ಹಿಂದೆಯೇ ಶಬ್ದವೂ ಊರು ಹೊಕ್ಕಿತು.

ಗ್ರೀಕ್ ತಲೆ, ಕೆಲ್ಟಿಕ್ ಒಡಲು, ಲ್ಯಾಟಿನ್ ಬಾಲ ಇರುವ ಈ ಶಬ್ದವು ಜರ್ಮನರ ಬಾಯಲ್ಲಿ ‘ಪ್ಫರಿಫ್ರಿತ್’ ಎಂದಾಗಿ, ಸವೆದು ಸವೆದು ‘ಪ್ಫೆರ್ಡ್’ ಆಯಿತು. ಕೇಶಿರಾಜನು ಕಂಡಿದ್ದರೆ ತದ್ಭವಗಳ ಪಟ್ಟಿಗೆ ಸೇರಿಸಿಬಿಡುತ್ತಿದ್ದನೇನೋ. ಮೊದಲಲ್ಲಿರುವ ‘ಪ್ಫ’ವನ್ನು ಗಮನಿಸಿ. ಹಳಗನ್ನಡದ ‘ಪಾಲು’ ನಮ್ಮಲ್ಲಿ ‘ಹಾಲು’ ಆದಂತೆ, ದಕ್ಷಿಣದ ಜರ್ಮನಿನಲ್ಲಿ ಮೊದಲ ಪಕಾರವು ‘ಪ್ಫ’ ಆಯಿತು. ಉತ್ತರದವರು ಪಕಾರವನ್ನೇ ಹಿಡಿದುಕೊಂಡರು. ನಮ್ಮ ನಾಡಿನ ‘ಪಿಪ್ಪಲಿ’ ಗ್ರೀಕ್, ಲ್ಯಾಟಿನ್ ದಾಟಿ ಅಲ್ಲಿಗೆ ಹೋದಾಗಲೂ ಇದೇ ಕಥೆ: ದಕ್ಷಿಣದಲ್ಲಿ ‘ಪ್ಫೆಫರ್’, ಉತ್ತರದಲ್ಲಿ ‘ಪೆಪರ್’. ಇತ್ತ ಫ್ರಾನ್ಸಿನಲ್ಲಿ ಅದೇ ‘ಪರವೆರೆದುಸ್’ ಇನ್ನೊಂದು ವೇಷ ತೊಟ್ಟು, ಇಂಗ್ಲಿಷಿಗೆ ‘ಪಾಲ್‌ಫ್ರಿ’ ಎಂದು ಬಂದು, ರಾಣಿಯರು ಏರುವ ಸಾಧು ಕುದುರೆಯಾಯಿತು.

ಗ್ರಂಥಭಾಷೆಯಲ್ಲಿ ‘ಪ್ಫೆರ್ಡ್’ ಗೆದ್ದ ಮೇಲೆ ಉಳಿದ ಎರಡರ ಪಾಡೇನು? ‘ರೊಸ್’ ಕಾವ್ಯಕ್ಕೆ ಏರಿತು; ಓದಿದವರಿಗೆ ಅದು ವೀರರ ಜಾತ್ಯಶ್ವ. ‘ಗೌಲ್’ ಕೆಳಗೆ ಬಿದ್ದು ಬಡಕಲು ತಟ್ಟುವಾಯಿತು. ಆದರೆ ಹಳ್ಳಿಯವನಿಗೆ ಇದರ ಗೊಡವೆಯಿಲ್ಲ. ಬವೇರಿಯದವನ ‘ರೊಸ್’ ಗೊಬ್ಬರದ ಗಾಡಿ ಎಳೆಯುತ್ತದೆ. ಹೆಸ್ಸೆಯವನು ತನ್ನ ಮನೆಯ ಅತ್ಯುತ್ತಮ ಕುದುರೆಯನ್ನೂ ಹೆಮ್ಮೆಯಿಂದ ‘ಗೌಲ್’ ಎಂದೇ ಹೇಳುತ್ತಾನೆ. ಅವನು ತಪ್ಪು ಮಾತಾಡುತ್ತಿದ್ದಾನೆಂದು ನಗುವ ಪಟ್ಟಣಿಗನೇ ಶಬ್ದದ ಚರಿತ್ರೆ ಅರಿಯದವನು.

ಈ ಹಳ್ಳಿಮಾತುಗಳ ಮೇರೆಗಳು ನಮಗೆ ತಿಳಿದಿರುವುದು ಬಹುಮಟ್ಟಿಗೆ ಶಾಲಾ ಉಪಾಧ್ಯಾಯರ ದೆಸೆಯಿಂದ. ಮೇಷ್ಟರಾದ ನನಗೆ ಇದನ್ನು ಹೇಳಲು ಸ್ವಲ್ಪ ಜಂಬ, ಕ್ಷಮಿಸಬೇಕು. 1876ರಲ್ಲಿ ಗೆಯೋರ್ಗ್ ವೆಂಕರ್ ಎಂಬ ತರುಣ ವಿದ್ವಾಂಸನು ರೈನ್ ಪ್ರಾಂತದ ಹಳ್ಳಿಶಾಲೆಗಳಿಗೆ ಕೆಲವು ವಾಕ್ಯಗಳನ್ನು ಕಳುಹಿಸಿ, ಇವನ್ನು ನಿಮ್ಮೂರಿನವರು ಆಡುವ ಹಾಗೆಯೇ ಬರೆದು ಕೊಡಿರೆಂದು ಬೇಡಿಕೊಂಡನು. ಆಮೇಲೆ ನಲವತ್ತು ವಾಕ್ಯಗಳ ಪತ್ರ ಜರ್ಮನಿಯೆಲ್ಲ ಸುತ್ತಿತು. ಉತ್ತರಗಳು 40,000ಕ್ಕೂ ಮಿಕ್ಕಿ ಬಂದವು. ಮಾರ್ಬುರ್ಗಿನಲ್ಲಿ ಅವು ಈಗಲೂ ಭದ್ರವಾಗಿವೆ. ಅವುಗಳಲ್ಲಿ ನಾಲ್ಕನೆಯ ವಾಕ್ಯ, ಕುದುರೆಸಹಿತ ಮಂಜುಗಡ್ಡೆ ಒಡೆದು ತಣ್ಣೀರಿಗೆ ಬಿದ್ದ ಒಬ್ಬ ಒಳ್ಳೆಯ ಮುದುಕನದು. ಆ ಮುದುಕನು ಹೀಗೆ ನಲವತ್ತು ಸಾವಿರ ಊರುಗಳಲ್ಲಿ ಬಿದ್ದನು. ಒಂದೆಡೆ ‘ಪೇರ್ಡ್’ನೊಡನೆ, ಒಂದೆಡೆ ‘ಗೌಲ್’ನೊಡನೆ, ಇನ್ನೊಂದೆಡೆ ‘ರೊಸ್’ನೊಡನೆ. ಉಪಭಾಷೆಗಳ ನಡುವೆ ಹೊಲದ ಬದುವಿನಂಥ ನೇರ ಗೆರೆಗಳಿರುವುವೆಂದು ವೆಂಕರನು ಎಣಿಸಿದ್ದನು. ಹಾಗಿರಲಿಲ್ಲ. ಒಂದು ಶಬ್ದದ ಗೆರೆ ಇನ್ನೊಂದರ ಮೇಲೆ ಕೂರಲೇ ಇಲ್ಲ.

ನಮ್ಮ ಕಿಟ್ಟೆಲ್ ಪಂಡಿತರು ಹುಟ್ಟಿದ್ದು 1832ರಲ್ಲಿ, ‘ಪೇರ್ಡ್’ ಎನ್ನುವ ಉತ್ತರದ ಪೂರ್ವ ಫ್ರೀಸಿಯದಲ್ಲಿ. ಮಿಷನರಿ ಶಿಕ್ಷಣ ಪಡೆದದ್ದು ‘ರೊಸ್’ ಎನ್ನುವ ಬಾಸೆಲ್ಲಿನಲ್ಲಿ. ಊರಿಗೊಂದು ಮಾತೆಂಬುದು ಅವರಿಗೆ ಹೊಸದಾಗಿರಲಾರದು. 1894ರ ಅವರ ಕನ್ನಡ ನಿಘಂಟಿನಲ್ಲಿ ಹಳೆಯ ಕಾವ್ಯದ ಶಬ್ದಗಳ ಪಕ್ಕದಲ್ಲೇ ಆಡುಮಾತುಗಳೂ ಸರಿಸಮನಾಗಿ ಕುಳಿತಿವೆ. ಇದು ಮೈಸೂರಿನದು, ಇದು ದಕ್ಷಿಣ ಮರಾಠಾ ಸೀಮೆಯದು ಎಂಬ ಗುರುತೂ ಉಂಟು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ತನ್ನ ಪ್ರಬಂಧದಲ್ಲಿ ‘ನಮ್ಮ ಮನೆಯ ಕಡಸು’ ಎಂದು ಬರೆದಿದ್ದನು. ‘ಗ್ರಾಮ್ಯ’ ಎಂದು ಕೆಂಪು ಶಾಯಿಯಲ್ಲಿ ಗೀಟೆಳೆದು, ಮೇಲೆ ‘ಹಸು’ ಎಂದು ತಿದ್ದಿದೆ. ಹುಡುಗ ಎದ್ದು ನಿಂತು, ‘ಅದು ಇನ್ನೂ ಈದಿಲ್ಲ ಸಾರ್, ಹಸು ಹೇಗಾಗುತ್ತೆ?’ ಎಂದನು. ತರಗತಿ ನಕ್ಕಿತು, ನಾನು ಗದರಿಸಿ ಕೂರಿಸಿದೆ. ಎಷ್ಟೋ ವರ್ಷಗಳ ಮೇಲೆ ಬೇರೇನನ್ನೋ ಹುಡುಕುತ್ತ ಕಿಟ್ಟೆಲ್ಲರ ನಿಘಂಟನ್ನು ತೆರೆದಾಗ ‘ಕಡಸು’ ಕಣ್ಣಿಗೆ ಬಿತ್ತು: ಇನ್ನೂ ಕರು ಹಾಕದ ಹಸು ಅಥವಾ ಎಮ್ಮೆ. ಅಷ್ಟು ಹೊತ್ತಿಗೆ ಆ ಹುಡುಗ ಶಾಲೆ ಬಿಟ್ಟು ಬಹಳ ಕಾಲವಾಗಿತ್ತು.