ಬಳಕೆ ಮತ್ತು ಉಪಕರಣ: ಅಮೆರಿಕದ ಲಘು ವಿಮಾನಗಳ ಕುರಿತು ಒಂದು ಟಿಪ್ಪಣಿ

ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು (ಎಫ್‌ಎಎ) 1978ರಿಂದ ಖಾಸಗಿ ಹಾಗೂ ಲಘು ವಿಮಾನಗಳ ಸಮೀಕ್ಷೆ ನಡೆಸುತ್ತ ಬಂದಿದೆ. ಯಾವ ಕೆಲಸಕ್ಕೆ ಎಷ್ಟು ತಾಸು ಹಾರಿತು, ಒಳಗೆ ಏನೇನು ಉಪಕರಣಗಳಿವೆ ಎಂದು ಮಾಲೀಕರನ್ನೇ ಕೇಳಿ ಬರೆದುಕೊಂಡ ಲೆಕ್ಕ ಇದು. ಬಳಕೆಯಲ್ಲಿರುವ ವಿಮಾನಗಳು ಈಚಿನ ವರ್ಷಗಳಲ್ಲಿ 2 ಲಕ್ಷಕ್ಕಿಂತ ತುಸು ಹೆಚ್ಚು. ಆದರೆ ವರ್ಷಕ್ಕೆ ಒಂದೇ ಒಂದು ತಾಸು ಹಾರಿದ್ದರೂ ಅದು ಈ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಸಂಖ್ಯೆಯಲ್ಲಿ ಸ್ವಂತ ಓಡಾಟದ ವಿಮಾನಗಳದ್ದೇ ಮೇಲುಗೈ. ವಿಮಾನವೊಂದರ ಸರಾಸರಿ ತಾಸು ನೋಡಿದರೆ ದಿನವಿಡೀ ಏರಿಳಿಯುವ ತರಬೇತಿ ಶಾಲೆಗಳವು ಬಹಳ ಮುಂದೆ.

ಉಪಕರಣಗಳ ಕೋಷ್ಟಕವನ್ನು ಬಳಕೆಯಿಂದ ಬೇರ್ಪಡಿಸಿ ಓದಬಾರದೆಂಬುದು ನನ್ನ ವಾದ. ತಾನಿರುವ ಜಾಗವನ್ನು ರೇಡಿಯೊ ಮೂಲಕ ಸಾರುತ್ತಿರುವ ಎಡಿಎಸ್‌-ಬಿ ಸಾಧನ 2020ರ ಜನವರಿ 1ರಿಂದ ಕಡ್ಡಾಯವಾಯಿತು. ಆದರೆ ಎಲ್ಲೆಡೆ ಅಲ್ಲ. ಅತಿದೊಡ್ಡ ನಿಲ್ದಾಣಗಳ ಸುತ್ತಲಿನ 30 ನಾಟಿಕಲ್ ಮೈಲಿಯಂಥ ನಿರ್ದಿಷ್ಟ ವಾಯುಪ್ರದೇಶಗಳಿಗೆ ಮಾತ್ರ ಆ ನಿಯಮ. ಮೂಲದಲ್ಲೇ ವಿದ್ಯುತ್ ವ್ಯವಸ್ಥೆ ಇಲ್ಲದ ವಿಮಾನಗಳಿಗೆ ಅಲ್ಲಿಯೂ ಬಹುಮಟ್ಟಿಗೆ ವಿನಾಯಿತಿ. ಪೈಪರ್ ಜೆ-3 ಕಬ್ ನೋಡಿ: ಪ್ರೊಪೆಲ್ಲರನ್ನು ಕೈಯಿಂದ ತಿರುವಿಯೇ ಎಂಜಿನ್ ಚಾಲೂ ಮಾಡಬೇಕು. ಇಂಧನದ ಮಟ್ಟ ತೋರಿಸುವುದು ಬಿರಡೆಯ ಬೆಂಡಿಗೆ ಸಿಕ್ಕಿಸಿದ ತಂತಿ. ಗಾಜಿನ ಮುಂದೆ ಟ್ಯಾಂಕಿನ ಮುಚ್ಚಳದಿಂದ ಮೇಲೆದ್ದ ಅದು ತಗ್ಗುತ್ತ ಬಂದರೆ ಇಳಿಯುವ ಹೊತ್ತಾಯಿತೆಂದು ತಿಳಿಯಬೇಕು. ಇಂಥದ್ದರಲ್ಲಿ ಎಡಿಎಸ್‌-ಬಿ ಇಲ್ಲವೆಂದು ಮಾಲೀಕನ ಉದಾಸೀನಕ್ಕೆ ಬೆರಳು ತೋರಿಸುವುದು ನ್ಯಾಯವಲ್ಲ.

ಅಪಘಾತವಾದಾಗ ತಾನಾಗಿ ಸಂಕೇತ ಕಳಿಸುವ ಇಎಲ್‌ಟಿಯದು ಇನ್ನೂ ಜಟಿಲ. 1972ರ ಅಕ್ಟೋಬರ್ 16ರಂದು ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಇದ್ದ ಸೆಸ್ನಾ 310 ಅಲಾಸ್ಕಾದಲ್ಲಿ ಕಣ್ಮರೆಯಾಯಿತು, ಇಂದಿಗೂ ಸಿಕ್ಕಿಲ್ಲ. ಆ ದುರಂತದಿಂದಲೇ ಇಎಲ್‌ಟಿ ಕಡ್ಡಾಯ ಮಾಡುವ ಕಾಯಿದೆ ಹುಟ್ಟಿತೆನ್ನುವುದು ಪೂರ್ತಿ ಸರಿಯಲ್ಲ: 1970ರ ಕಾರ್ಮಿಕ ಸುರಕ್ಷತಾ ಕಾಯಿದೆಯ ಕೊನೆಯಲ್ಲೇ (ಅಚ್ಚರಿಯ ಜಾಗ!) ಈ ವಿಧಿ ಸೇರಿತ್ತು. ಹಳೆಯ ವಿಮಾನಗಳಿಗೆ ಕೊಟ್ಟಿದ್ದ ಗಡುವು ಆಗಿನ್ನೂ ಮುಗಿದಿರಲಿಲ್ಲ. ಇವತ್ತಿಗೂ ನಿಲ್ದಾಣದಿಂದ 50 ನಾಟಿಕಲ್ ಮೈಲಿಯೊಳಗೇ ನಡೆಯುವ ತರಬೇತಿ ಹಾರಾಟಕ್ಕೆ ಇಎಲ್‌ಟಿ ಬೇಕಿಲ್ಲ.

ಇದ್ದರೂ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. 121.5 ಮೆಗಾಹರ್ಟ್ಸ್‌ನ ಸಂಕೇತವನ್ನು ಉಪಗ್ರಹಗಳು ಆಲಿಸುವುದು 2009ರ ಫೆಬ್ರುವರಿ 1ಕ್ಕೆ ನಿಂತಿತು. ಈಗ ಅವು ಹಿಡಿಯುವುದು 406 ಮೆಗಾಹರ್ಟ್ಸ್ ಮಾತ್ರ. ಆದರೂ ಹಳೆಯದನ್ನು ತೆಗೆಯಬೇಕೆಂದು ಎಫ್‌ಎಎ ಕಡ್ಡಾಯ ಮಾಡಲಿಲ್ಲ. ಅಂಥ ಸಂಕೇತ ಕೇಳಿಸುವುದು ಹತ್ತಿರದಲ್ಲಿ ಹಾರುವ ವಿಮಾನಕ್ಕೋ ಹುಡುಕಹೊರಟ ತಂಡಕ್ಕೋ ಅಷ್ಟೆ. ರಸ್ತೆಗಳೇ ವಿರಳವಾದ ಅಲಾಸ್ಕಾದಲ್ಲಿ ಈ ವ್ಯತ್ಯಾಸ ಜೀವದ ಪ್ರಶ್ನೆ. ಸಮೀಕ್ಷೆ ಅಲ್ಲಿನ ವಿಮಾನಗಳನ್ನು ಮಾದರಿ ಆರಿಸದೆ ಎಲ್ಲವನ್ನೂ ಕೇಳುವುದರಿಂದ, ತರಂಗಾಂತರವಾರು ಲೆಕ್ಕವನ್ನು ಮೊದಲು ಅಲ್ಲಿಂದ ತೆಗೆಯುವುದು ಒಳಿತು.