ಬಿಳಿಯ ರಕ್ತ – ಒಂದು ಹೆಸರಿನ ಕಥೆ

‘ಲ್ಯುಕೀಮಿಯಾ’ ಎಂಬ ಪದವನ್ನು ಬಿಡಿಸಿದರೆ ದೊರೆಯುವ ಅರ್ಥ ‘ಬಿಳಿಯ ರಕ್ತ’ ಎಂದಷ್ಟೆ. ಗ್ರೀಕ್ ಭಾಷೆಯಲ್ಲಿ ‘ಲ್ಯುಕೋಸ್’ ಎಂದರೆ ಬಿಳಿ, ‘ಹೈಮಾ’ ಎಂದರೆ ರಕ್ತ. ಇಷ್ಟು ಸರಳವಾದ ಹೆಸರಿನ ಹಿಂದೆಯೂ ಒಂದು ಜಗಳವಿದೆ.

1845ರಲ್ಲಿ ಎಡಿನ್‌ಬರೋ ನಗರದಲ್ಲಿ, ಛಾವಣಿಗೆ ಕಲ್ಲುಹಲಗೆ ಹೊದಿಸುತ್ತಿದ್ದ 28 ವರ್ಷದ ಕೂಲಿಗಾರನೊಬ್ಬ ಗುಲ್ಮ ಊದಿಕೊಂಡು ತೀರಿಹೋದ. ಶವಪರೀಕ್ಷೆ ನಡೆಸಿದ ಜಾನ್ ಹ್ಯೂಸ್ ಬೆನೆಟ್ ಅವರು ರಕ್ತದ ತುಂಬ ಬಿಳಿಯ ಕಣಗಳನ್ನು ಕಂಡು, ರಕ್ತವೇ ಕೀವಾಗಿದೆಯೆಂದು ತೀರ್ಮಾನಿಸಿದರು. ಆದರೆ ದೇಹದಲ್ಲೆಲ್ಲೂ ಕೀವಿನ ಮೂಲವಾಗಬಲ್ಲ ಹುಣ್ಣು ಇರಲಿಲ್ಲ! ಅದೇ ವರ್ಷ ಬರ್ಲಿನ್ನಿನಲ್ಲಿ ಅಡುಗೆ ಕೆಲಸದ ಹೆಂಗಸೊಬ್ಬಳ ರಕ್ತದಲ್ಲಿ 24ರ ಹರೆಯದ ರುಡಾಲ್ಫ್ ವಿರ್ಕೋ ಅವರಿಗೂ ಇಂಥದೇ ನೋಟ ಕಂಡಿತು. ಅವರು ಕಾರಣವನ್ನು ಊಹಿಸಲು ಹೋಗದೆ, ಕಂಡದ್ದನ್ನಷ್ಟೇ ‘ಬಿಳಿಯ ರಕ್ತ’ ಎಂದು ಬರೆದರು. 1847ರಲ್ಲಿ ಅದನ್ನೇ ಗ್ರೀಕಿಗೆ ತಿರುಗಿಸಿ ‘ಲ್ಯುಕೀಮಿಯಾ’ ಎಂದು ಕರೆದರು. ಬೆನೆಟ್ ಸುಮ್ಮನಿರಲಿಲ್ಲ, ‘ಲ್ಯುಕೋಸೈಥೀಮಿಯಾ’ ಎಂಬ ಪ್ರತಿಸ್ಪರ್ಧಿ ಹೆಸರನ್ನು ಮುಂದಿಟ್ಟರು. ಅರ್ಥದ ದೃಷ್ಟಿಯಿಂದ ಅದೇ ಹೆಚ್ಚು ನಿಖರವೆಂದು ನನ್ನ ಅಭಿಪ್ರಾಯ. ಆದರೆ ನಾಲಿಗೆ ಹೊರಳಬೇಕಲ್ಲ!

1868ರಲ್ಲಿ ಅರ್ನ್‌ಸ್ಟ್ ನಾಯ್ಮನ್ ಅವರು ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ ಎಂದು ತೋರಿಸಿದರು. ವರದಿಗಳಲ್ಲಿ ಬರುವ ‘ಮೈಲಾಯ್ಡ್’ ಎಂಬುದು ಮಜ್ಜೆಯ ಗ್ರೀಕ್ ಹೆಸರಿನಿಂದಲೇ ಬಂದದ್ದು. ಮುಂದೆ ಪಾಲ್ ಎರ್ಲಿಕ್ ಅವರು ಬಟ್ಟೆಗೆ ಹಾಕುವ ಕೃತಕ ಬಣ್ಣಗಳಿಂದ ರಕ್ತಕಣಗಳನ್ನು ಬಣ್ಣಗೊಳಿಸಿದರು. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಂಡ ಕಣ ‘ಇಯೋಸಿನೋಫಿಲ್’, ಎಂದರೆ ಇಯೋಸಿನ್-ಪ್ರಿಯ. ನ್ಯೂಟ್ರೋಫಿಲ್, ಬೇಸೋಫಿಲ್‌ಗಳೂ ಹೀಗೆಯೇ ಹೆಸರು ಪಡೆದವು.

ಇದನ್ನೆಲ್ಲ ಬರೆಯಲು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಆರು ವರ್ಷದ ಮಗಳ ರಕ್ತದ ವರದಿಯಲ್ಲಿ ‘ಬ್ಲಾಸ್ಟ್’ ಎಂಬ ಪದವಿತ್ತು. “ಮೇಷ್ಟ್ರೇ, ರಕ್ತಕಣ ಸ್ಫೋಟವಾಗಿದೆಯೆ?” ಎಂದು ದೂರವಾಣಿಯಲ್ಲಿ ಕೇಳುವಾಗ ಅವನ ಧ್ವನಿ ನಡುಗುತ್ತಿತ್ತು. ಇಲ್ಲಪ್ಪ, ಇದು ಇಂಗ್ಲಿಷಿನ ಬ್ಲಾಸ್ಟ್ ಅಲ್ಲ. ಗ್ರೀಕಿನ ‘ಬ್ಲಾಸ್ಟೋಸ್’, ನಮ್ಮ ಮಾತಿನಲ್ಲಿ ಮೊಳಕೆ. ಆರೋಗ್ಯವಂತರ ಮಜ್ಜೆಯಲ್ಲೂ ಇಂತಹ ಎಳೆಯ ಕಣಗಳು ಅಲ್ಪಪ್ರಮಾಣದಲ್ಲಿ ಇದ್ದೇ ಇರುತ್ತವೆ, ಬಲಿತು ಕೆಲಸಕ್ಕೆ ಹೊರಡುತ್ತವೆ. ತೀವ್ರ ಲ್ಯುಕೀಮಿಯಾದಲ್ಲಿ ಅವು ಬಲಿಯದೆ ಮೊಳಕೆಯಾಗಿಯೇ ಹೆಚ್ಚುತ್ತ, ಮಜ್ಜೆಯನ್ನೆಲ್ಲ ಆಕ್ರಮಿಸುತ್ತವೆ. ಕೆಂಪು ಕಣಗಳಿಗೂ ಕಿರುಬಿಲ್ಲೆಗಳಿಗೂ ಎಡೆಯಿರುವುದಿಲ್ಲ. ಆಯಾಸ, ಜ್ವರ, ರಕ್ತಸ್ರಾವಗಳು ಇದರಿಂದಲೇ. ಇಲ್ಲಿ ‘ತೀವ್ರ’ವೆಂದರೆ ರೋಗ ಬೆಳೆಯುವ ವೇಗವೇ ಹೊರತು ಗುಣವಾಗದೆಂಬ ತೀರ್ಪಲ್ಲ.

1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಇಂತಹ 16 ಮಕ್ಕಳಿಗೆ ಅಮಿನೋಪ್ಟೆರಿನ್ ಕೊಟ್ಟ ವಿವರವನ್ನು ಪ್ರಕಟಿಸಿದರು. 10 ಮಕ್ಕಳು ಚೇತರಿಸಿಕೊಂಡರು, ಕೆಲವು ತಿಂಗಳ ಮಟ್ಟಿಗೆ ಮಾತ್ರ. ಆ ಔಷಧಿ ಸಿದ್ಧವಾದದ್ದು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳ್ತನದಲ್ಲಿ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅದೇ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಅಮಿನೋಪ್ಟೆರಿನ್ನಿನ ಹತ್ತಿರದ ಬಂಧುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಮಕ್ಕಳ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ ಸಕಾಲದ, ಪೂರ್ಣ ಚಿಕಿತ್ಸೆಯಿಂದ ಬಹುಪಾಲು ಗುಣವಾಗುತ್ತದೆ. ಆ ಮಗುವಿನ ಔಷಧಿಪಟ್ಟಿಯಲ್ಲಿಯೂ ಮೆಥೊಟ್ರೆಕ್ಸೇಟ್ ಹೆಸರಿದೆ.